ಬೈಕಿನ ಫೋಮ್ ಏರ್ ಫಿಲ್ಟರ್: ತೊಳೆದರೆ ಸಾಲದು, ಎಣ್ಣೆಯೂ ಬೇಕು

ಸಗಟು ವ್ಯಾಪಾರಿಗಳು, ವಿತರಕರು ಹಾಗೂ ಸಣ್ಣ ಕೈಗಾರಿಕಾ ಘಟಕಗಳ ಮಾಲೀಕರು ವಸೂಲಿಗೆ, ಆರ್ಡರು ಸಂಗ್ರಹಕ್ಕೆ, ಬಿಡಿಭಾಗಗಳನ್ನು ತಲುಪಿಸುವುದಕ್ಕೆ ಇರಿಸಿಕೊಂಡಿರುವ ಮೋಟಾರು ಬೈಕುಗಳ ಖರ್ಚು ವರ್ಷಾಂತ್ಯದಲ್ಲಿ ‘ವಾಹನ ದುರಸ್ತಿ ಮತ್ತು ನಿರ್ವಹಣೆ’ ಎಂಬ ಒಂದೇ ಶೀರ್ಷಿಕೆಯಡಿ ಲಾಭ-ನಷ್ಟ ಖಾತೆಗೆ ಸೇರುತ್ತದೆ. ಹೆಸರಿನಲ್ಲಿ ಜೋಡಿಯಾಗಿರುವ ಈ ಎರಡು ಪದಗಳು ವಾಸ್ತವದಲ್ಲಿ ಬೇರೆ ಬೇರೆ ಸ್ವಭಾವದ ವೆಚ್ಚಗಳು. ಮೊದಲನೆಯದು ಬಹುಪಾಲು ಎರಡನೆಯದನ್ನು ಮಾಡದಿದ್ದುದರ ಫಲ. ಎರಡೂ ಒಂದೇ ಮೊತ್ತದಲ್ಲಿ ಬೆರೆತುಹೋಗುವುದರಿಂದ ಈ ಸಂಬಂಧ ಮಾಲೀಕನ ಕಣ್ಣಿಗೆ ಬೀಳುವುದಿಲ್ಲ. ಬೈಕಿನ ಸೀಟಿನ ಕೆಳಗೋ ಪಕ್ಕದ ಮುಚ್ಚಳದ ಹಿಂದೆಯೋ ಅಡಗಿರುವ ಏರ್ ಫಿಲ್ಟರ್ ಇದಕ್ಕೆ ಸ್ಪಷ್ಟ ನಿದರ್ಶನ.

ಎಂಜಿನ್ ಎಷ್ಟು ಪೆಟ್ರೋಲು ಕುಡಿಯುತ್ತದೆಂಬ ಲೆಕ್ಕ ಪ್ರತಿಯೊಬ್ಬ ಮಾಲೀಕನ ಬಳಿಯೂ ಇರುತ್ತದೆ. ಗಾಳಿಯ ಲೆಕ್ಕವನ್ನು ಯಾರೂ ಇಡುವುದಿಲ್ಲ, ಅದಕ್ಕೆ ಬಿಲ್ಲಿಲ್ಲವಷ್ಟೆ. ಒಂದು ಕಿಲೋ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಇದನ್ನು ಗಾತ್ರಕ್ಕೆ ಪರಿವರ್ತಿಸಿದರೆ ಒಂದು ಲೀಟರ್ ಪೆಟ್ರೋಲಿಗೆ ಹೆಚ್ಚುಕಡಿಮೆ 9,000 ಲೀಟರ್ ಗಾಳಿಯಾಗುತ್ತದೆ. ಲೀಟರಿಗೆ 60 ಕಿ.ಮೀ. ಕೊಡುವ ಬೈಕು ತಿಂಗಳಿಗೆ 1,200 ಕಿ.ಮೀ. ಓಡಿದರೆ 20 ಲೀಟರ್ ಪೆಟ್ರೋಲಿನೊಡನೆ 1,80,000 ಲೀಟರ್ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಆ ಗಾಳಿ ಸಂಡೂರು-ಹೊಸಪೇಟೆ ಭಾಗದ ಅದಿರಿನ ಕೆಂಧೂಳು ತುಂಬಿದ್ದಿರಬಹುದು, ಶಹಾಬಾದ್ ಕಲ್ಲಿನ ಪಾಲಿಶ್ ಘಟಕಗಳ ಬಿಳಿ ಹುಡಿ ತುಂಬಿದ್ದಿರಬಹುದು, ಅಕ್ಕಿ ಗಿರಣಿಯ ಅಂಗಳದ ತೌಡು ತುಂಬಿದ್ದಿರಬಹುದು.

ರಸ್ತೆಯ ಧೂಳಿನಲ್ಲಿ ಸ್ಫಟಿಕ ಮರಳಿನ ಸೂಕ್ಷ್ಮ ಕಣಗಳಿರುತ್ತವೆ. ಗಡಸುತನವನ್ನು ಅಳೆಯುವ ಮೋಹ್ಸ್ ಮಾಪಕದಲ್ಲಿ ಸ್ಫಟಿಕದ ಸ್ಥಾನ 7. ಸಿಲಿಂಡರಿನ ಎರಕದ ಕಬ್ಬಿಣ ಅದಕ್ಕಿಂತ ಮೆದು. ಪಿಸ್ಟನ್ ರಿಂಗಿಗೂ ಸಿಲಿಂಡರಿನ ಗೋಡೆಗೂ ನಡುವೆ ಇರುವ ಎಣ್ಣೆಯ ಪದರ ಕೆಲವೇ ಮೈಕ್ರಾನ್ ದಪ್ಪದ್ದು. ಕಣ್ಣಿಗೆ ಕಾಣದ ಕಣವೊಂದು ಆ ಸಂದಿಗೆ ಸಿಕ್ಕಿದರೆ ಸಾಣೆಯ ಕೆಲಸ ಮಾಡುತ್ತದೆ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಹಾನಿ ಇನ್ನೂ ಹೆಚ್ಚು. ಅಲ್ಲಿ ಗಾಳಿ ಮೊದಲು ಕ್ರ್ಯಾಂಕ್ ಕೋಣೆಯನ್ನು ಹಾದು ಬರುವುದರಿಂದ ಬೇರಿಂಗುಗಳೂ ಧೂಳು ತಿನ್ನುತ್ತವೆ.

ಫೋಮ್ ಒಂದು ಚೌಕಟ್ಟು ಮಾತ್ರ

ಇಂದು ಮಾರಾಟವಾಗುವ ನಿತ್ಯ ಬಳಕೆಯ ಬೈಕುಗಳಲ್ಲಿ ಹೆಚ್ಚಿನವಕ್ಕೆ ಕಾಗದದ ಫಿಲ್ಟರ್ ಇರುತ್ತದೆ. ಹಳೆಯ ಬೈಕುಗಳಲ್ಲಿ ಮಾತ್ರ ಪಾಲಿಯುರೆಥೇನ್ ಫೋಮ್, ಅಂದರೆ ಗ್ಯಾರೇಜಿನ ಭಾಷೆಯ ‘ಸ್ಪಂಜು’, ಇನ್ನೂ ಬಳಕೆಯಲ್ಲಿದೆ. 1985ರಿಂದ 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್ 100 ಇದಕ್ಕೆ ಎಲ್ಲರಿಗೂ ಪರಿಚಿತವಾದ ಉದಾಹರಣೆ. ಹಾಗೆಂದು ಫೋಮ್ ಹಳೆಯ ಕಾಲದ ಸರಕೆಂದು ತಳ್ಳಿಹಾಕುವಂತಿಲ್ಲ. 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಅವರು ಪೂರೈಸಿ, ಹಾಗೆ ಪೂರೈಸಿದ ಮೊದಲ ಭಾರತೀಯರೆನಿಸಿದ ಡಾಕರ್ ರ‍್ಯಾಲಿಯಂಥ ಮರಳುಗಾಡಿನ ಸ್ಪರ್ಧೆಗಳಲ್ಲಿ ಬೈಕುಗಳು ನೆಚ್ಚಿಕೊಂಡಿರುವುದು ಎಣ್ಣೆ ಹಚ್ಚಿದ ಫೋಮ್ ಫಿಲ್ಟರನ್ನೇ. ವ್ಯಾಪಾರಸ್ಥರ ಅಂಗಡಿಯ ಹಿಂಬದಿಯಲ್ಲಿರುವ ಚಿಕ್ಕ ಪೆಟ್ರೋಲ್ ಜನರೇಟರುಗಳಲ್ಲಿಯೂ ಸಾಮಾನ್ಯವಾಗಿ ಇದೇ ಫೋಮ್ ಇರುತ್ತದೆ. ಅದನ್ನು ತೆಗೆದು ನೋಡಿದವರು ವಿರಳ.

ಇಲ್ಲಿ ಅರಿಯಬೇಕಾದ ಮುಖ್ಯ ಸಂಗತಿಯೊಂದಿದೆ. ಫೋಮಿನ ರಂಧ್ರಗಳು ಧೂಳಿನ ಕಣಗಳಿಗಿಂತ ಬಹಳ ದೊಡ್ಡವು. ಜರಡಿಯಂತೆ ಧೂಳನ್ನು ತಡೆಯುವ ಸಾಮರ್ಥ್ಯ ಅದಕ್ಕಿಲ್ಲ. ಗಾಳಿ ಅದರ ಅಂಕುಡೊಂಕಾದ ಹಾದಿಯಲ್ಲಿ ತಿರುತಿರುಗಿ ಹೋಗುವಾಗ, ಭಾರವಿರುವ ಕಣಗಳು ಅದೇ ವೇಗದಲ್ಲಿ ತಿರುಗಲಾರದೆ ಎಳೆಗಳಿಗೆ ಬಡಿಯುತ್ತವೆ. ಬಡಿದ ಕಣವನ್ನು ಹಿಡಿದಿಡುವುದು ಎಳೆಗಳ ಮೇಲಿನ ಅಂಟು ಎಣ್ಣೆ. ಹೀಗೆ ಧೂಳು ಹಿಡಿಯುವುದು ಎಣ್ಣೆ, ಎಣ್ಣೆಯನ್ನು ಹಿಡಿದಿಡುವುದು ಫೋಮ್. ಎಣ್ಣೆಯಿಲ್ಲದ ಫೋಮ್ ಎಲೆ, ನೂಲು, ಹುಳಗಳನ್ನು ತಡೆದೀತು, ಹುಡಿಯನ್ನು ತಡೆಯಲಾರದು.

ಆದರೂ ಅನೇಕ ಗ್ಯಾರೇಜುಗಳಲ್ಲಿ ನಡೆಯುವ ಕೆಲಸವೇನು? ಸರ್ವೀಸಿಗೆ ಬಂದ ಬೈಕಿನ ಸ್ಪಂಜನ್ನು ಹೊರತೆಗೆದು, ಕಾರ್ಬ್ಯುರೇಟರ್ ತೊಳೆದುಳಿದ ಪೆಟ್ರೋಲಿನಲ್ಲಿಯೇ ಅದ್ದಿ, ಕಂಪ್ರೆಸರಿನ ಗಾಳಿ ಬಿಟ್ಟು, ಒಣಗಿದ ಕೂಡಲೇ ಮರಳಿ ಕೂರಿಸಲಾಗುತ್ತದೆ. ಬಿಲ್ಲಿನಲ್ಲಿ ‘ಏರ್ ಫಿಲ್ಟರ್ ಕ್ಲೀನಿಂಗ್’ ಎಂದು ಬರೆಯಲಾಗುತ್ತದೆ. ಅದು ಸುಳ್ಳೂ ಅಲ್ಲ. ಬೈಕು ಹಗುರಾಗಿ ಓಡುತ್ತದೆ, ಸವಾರ ಸಂತೋಷಪಡುತ್ತಾನೆ, ಮೆಕ್ಯಾನಿಕ್ಕಿಗೆ ಒಳ್ಳೆಯ ಹೆಸರು ಬರುತ್ತದೆ. ವಂಚನೆಯ ಉದ್ದೇಶ ಯಾರಲ್ಲಿಯೂ ಇಲ್ಲದೆ ಎಂಜಿನ್ ಸವೆಯತೊಡಗುತ್ತದೆ.

ಲೆಕ್ಕಶಾಸ್ತ್ರದ ದೃಷ್ಟಿಯಿಂದ ಕುತೂಹಲಕರವಾದ ಭಾಗ ಇದೇ. ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡರೆ ಕಾರ್ಬ್ಯುರೇಟರ್ ಇರುವ ಬೈಕಿನಲ್ಲಿ ಮಿಶ್ರಣ ಗಾಢವಾಗಿ ಮೈಲೇಜು ಇಳಿಯುತ್ತದೆ. ಸ್ಪಾರ್ಕ್ ಪ್ಲಗ್ ಕಪ್ಪಾಗುತ್ತದೆ. ಆ ನಷ್ಟ ಅದೇ ತಿಂಗಳ ಪೆಟ್ರೋಲ್ ಖರ್ಚಿನಲ್ಲಿ ಕಾಣಿಸಿಕೊಳ್ಳುವುದರಿಂದ ಯಾರಾದರೂ ಪ್ರಶ್ನಿಸುತ್ತಾರೆ. ಎಣ್ಣೆಯಿಲ್ಲದ ಫಿಲ್ಟರಿನ ನಷ್ಟ ಅಂದು ಕಾಣದು. ಸೈಲೆನ್ಸರಿನಿಂದ ನೀಲಿ ಹೊಗೆ ಬಂದು, ಎಂಜಿನ್ ಆಯಿಲ್ ಪದೇ ಪದೇ ಇಳಿದು, ಏರಿನಲ್ಲಿ ಬೈಕು ಎಳೆಯದಾದಾಗ ‘ಬೋರಿಂಗ್ ಮತ್ತು ಪಿಸ್ಟನ್ ಸೆಟ್’ ಎಂಬ ಬಿಲ್ಲು ಬರುತ್ತದೆ. ಆ ವೇಳೆಗೆ ಬಹುಶಃ ಮುಂದಿನ ಹಣಕಾಸು ವರ್ಷವಾಗಿರುತ್ತದೆ. ‘ಗಾಡಿ ಹಳೆಯದಾಯಿತು’ ಎಂಬ ವಿವರಣೆಯೊಡನೆ ವೋಚರು ಮಂಜೂರಾಗುತ್ತದೆ.

ಶುಚಿಗೊಳಿಸುವ ಕ್ರಮ

ಫಿಲ್ಟರ್ ತೆಗೆಯುವ ಮೊದಲೇ ಪೆಟ್ಟಿಗೆಯ ಹೊರಭಾಗದ ಧೂಳನ್ನು ಒರೆಸಬೇಕು. ತೆಗೆದ ತಕ್ಷಣ ಎಂಜಿನ್ನಿನ ಕಡೆಗೆ ಹೋಗುವ ಕೊಳವೆಯ ಬಾಯಿಗೆ ಒಗೆದ ಬಟ್ಟೆ ತುರುಕಬೇಕು. ಮರಳಿ ಜೋಡಿಸುವಾಗ ಅದನ್ನು ಹೊರತೆಗೆಯಲು ಮರೆಯಬಾರದು. ಅನಂತರ ಫೋಮನ್ನು ಅದರ ತಂತಿಯ ಅಥವಾ ಪ್ಲಾಸ್ಟಿಕ್ಕಿನ ಪಂಜರದಿಂದ ಬಿಡಿಸಿ ಸೀಮೆಎಣ್ಣೆಯಲ್ಲಿ ಅದ್ದಿ, ಅಂಗೈಗಳ ನಡುವೆ ಮೆಲ್ಲನೆ ಅದುಮಿ ಹಳೆಯ ಎಣ್ಣೆಯನ್ನೂ ಧೂಳನ್ನೂ ಹೊರಡಿಸಬೇಕು. ಬಟ್ಟೆ ಹಿಂಡುವಂತೆ ತಿರುಚಿದರೆ ಎಳೆಗಳು ಹರಿದು, ಅಂಟಿಸಿದ ಸೇರುವೆ ಬಿಟ್ಟುಕೊಳ್ಳುತ್ತದೆ. ಬಳಿಕ ಉಗುರುಬೆಚ್ಚನೆಯ ಸೋಪಿನ ನೀರಿನಲ್ಲಿ ತೊಳೆದು, ನೀರು ತಿಳಿಯಾಗುವವರೆಗೆ ಜಾಲಿಸಿ, ನೆರಳಿನಲ್ಲಿ ಸಂಪೂರ್ಣ ಒಣಗಿಸಬೇಕು. ತೇವ ಉಳಿದ ಜಾಗದಲ್ಲಿ ಎಣ್ಣೆ ಹಿಡಿಯುವುದಿಲ್ಲ.

ಪೆಟ್ರೋಲಿನಲ್ಲಿ ತೊಳೆಯುವುದು ಎರಡು ಕಾರಣಗಳಿಗೆ ತಪ್ಪು. ಅದು ಫೋಮಿನ ಸೇರುವೆಯ ಅಂಟನ್ನು ಸಡಿಲಿಸುತ್ತದೆ. ಅದರ ಆವಿ ಕಿಡಿಯೊಂದಕ್ಕಾಗಿ ಕಾದಿರುತ್ತದೆ. ಹತ್ತಿ, ಮೆಣಸಿನಕಾಯಿ, ಗೋಣಿಚೀಲಗಳಿರುವ ಗೋದಾಮಿನ ಬಾಗಿಲಲ್ಲಿ ಕುಳಿತು ಪೆಟ್ರೋಲಿನಲ್ಲಿ ಬಿಡಿಭಾಗ ತೊಳೆಯಲು ಬಿಡುವ ಮಾಲೀಕನು ತನ್ನ ಅಗ್ನಿ ವಿಮಾ ಪತ್ರದಲ್ಲಿ ದಹನಶೀಲ ವಸ್ತುಗಳ ಕುರಿತ ಷರತ್ತುಗಳನ್ನು ಒಮ್ಮೆ ಓದಿಕೊಳ್ಳುವುದು ಲೇಸು. ಸೀಮೆಎಣ್ಣೆಯೂ ಉರಿಯುವ ವಸ್ತುವೇ ಆದ್ದರಿಂದ ತೊಳೆಯುವ ಕೆಲಸ ಬಯಲಿನಲ್ಲಿಯೇ ಆಗಲಿ. ಕೊಳೆಯಾದ ಎಣ್ಣೆಯನ್ನು ಚರಂಡಿಗೆ ಸುರಿಯದೆ ಡಬ್ಬಿಯಲ್ಲಿ ಕೂಡಿಟ್ಟು ಹಳೆಯ ಆಯಿಲ್ ಕೊಳ್ಳುವವರಿಗೆ ಕೊಡಬಹುದು.

ಎಣ್ಣೆ ಹಚ್ಚುವಾಗ ಮಿತಿ ಮುಖ್ಯ. ಫೋಮ್ ಫಿಲ್ಟರಿಗೆಂದೇ ಬರುವ ಅಂಟು ಎಣ್ಣೆ ಎಲ್ಲಕ್ಕಿಂತ ಉತ್ತಮ. ಅದು ದೊರೆಯದಿದ್ದರೆ ಬೈಕಿನ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಂಜಿನ್ ಆಯಿಲ್ ಸಾಕು. ಎಂಜಿನ್ ಆಯಿಲ್ ದಿನ ಕಳೆದಂತೆ ಕೆಳಕ್ಕೆ ಇಳಿದು ಮೇಲ್ಭಾಗವನ್ನು ಒಣದಾಗಿಸುತ್ತದೆ. ಆದ್ದರಿಂದ ಅದನ್ನು ಬಳಸುವವರು ಬೇಗ ಬೇಗ ಪರೀಕ್ಷಿಸಬೇಕು. ಫೋಮಿನ ಎಲ್ಲ ಭಾಗಕ್ಕೂ ಎಣ್ಣೆ ಸುರಿದು, ಬಣ್ಣ ಎಲ್ಲೆಡೆ ಒಂದೇ ಸಮನಾಗುವವರೆಗೆ ಅದುಮುತ್ತಿದ್ದು, ಕೊನೆಗೆ ಹೆಚ್ಚಿನದನ್ನು ಹಿಂಡದೆ ಒತ್ತಿ ತೆಗೆಯಬೇಕು. ಕೈಯಲ್ಲಿ ಹಿಡಿದರೆ ಜಿಗುಟೆನಿಸಬೇಕು, ತೊಟ್ಟಿಕ್ಕಬಾರದು. ಎಣ್ಣೆ ಹೆಚ್ಚಾದರೆ ಗಾಳಿಯ ಹಾದಿ ಕಟ್ಟಿ ಮೈಲೇಜು ಕುಸಿಯುತ್ತದೆ, ಪೆಟ್ಟಿಗೆಯ ತಳದಲ್ಲಿ ಎಣ್ಣೆ ನಿಲ್ಲುತ್ತದೆ. ಫಿಲ್ಟರ್ ಪೆಟ್ಟಿಗೆಗೆ ತಾಗುವ ಅಂಚಿಗೆ ತೆಳುವಾಗಿ ಗ್ರೀಸ್ ಸವರಿದರೆ ಸಂದಿಯಿಂದ ಧೂಳು ನುಸುಳದು. ಫಿಲ್ಟರ್ ಎಷ್ಟು ಚೊಕ್ಕಟವಾಗಿದ್ದರೂ ಈ ಅಂಚು ಸರಿಯಾಗಿ ಕೂರದಿದ್ದರೆ, ಇಲ್ಲವೆ ರಬ್ಬರ್ ಕೊಳವೆ ಬಿರಿದಿದ್ದರೆ, ಪಟ್ಟ ಶ್ರಮವೆಲ್ಲ ವ್ಯರ್ಥ.

ಕಾಗದದ ಫಿಲ್ಟರಿಗೆ ಈ ಯಾವ ಕ್ರಮವೂ ಅನ್ವಯಿಸದು. ವಿಶೇಷವಾಗಿ, ಕಾರ್ಖಾನೆಯಲ್ಲಿಯೇ ಜಿಗುಟು ಲೇಪಿಸಿ ಬರುವ ಕಾಗದವನ್ನು ತೊಳೆಯುವುದಾಗಲೀ ಗಾಳಿ ಊದುವುದಾಗಲೀ ಕೂಡದು. ಅವಧಿ ಮುಗಿದೊಡನೆ ಬದಲಿಸಬೇಕು. ಯಾವ ಬೈಕಿಗೆ ಯಾವ ಫಿಲ್ಟರ್ ಎಂಬುದನ್ನು ಕೈಪಿಡಿ ನೋಡಿ ವಾಹನದ ಕಡತದ ಮೇಲೆಯೇ ಬರೆದಿಡುವುದು ಒಳ್ಳೆಯದು.

ಖರ್ಚಿನ ಲೆಕ್ಕ

ಆರು ಬೈಕುಗಳಿರುವ ವಿತರಣಾ ಸಂಸ್ಥೆಯೊಂದನ್ನು ಊಹಿಸಿಕೊಳ್ಳಬಹುದು. ದರಗಳು ಊರಿಂದೂರಿಗೆ ಬೇರೆಯಾದರೂ ಲೆಕ್ಕಕ್ಕಾಗಿ ಒಮ್ಮೆ ತೊಳೆದು ಎಣ್ಣೆ ಹಚ್ಚುವುದಕ್ಕೆ ಕೂಲಿ ಸೇರಿ 60 ರೂ. ಎಂದಿಟ್ಟುಕೊಂಡರೆ, ತಿಂಗಳಿಗೊಮ್ಮೆಯಂತೆ ವರ್ಷಕ್ಕೆ 4,320 ರೂ. ಪ್ರತಿ ಬೈಕಿಗೂ ವರ್ಷಕ್ಕೊಂದು ಹೊಸ ಫೋಮಿಗೆ 200 ರೂ.ನಂತೆ 1,200 ರೂ. ಒಟ್ಟು 5,520 ರೂ. ಇನ್ನೊಂದು ಬದಿಯಲ್ಲಿ, ಒಂದೇ ಒಂದು ಎಂಜಿನ್ನಿನ ಬೋರಿಂಗ್, ಪಿಸ್ಟನ್, ರಿಂಗ್ ಮತ್ತು ಕೂಲಿ 4,500 ರೂ.; ಮೂರು ದಿನ ಬದಲಿ ವಾಹನಕ್ಕೆ ದಿನಕ್ಕೆ 400 ರೂ.ನಂತೆ 1,200 ರೂ.; ಒಟ್ಟು 5,700 ರೂ. ಆರರಲ್ಲಿ ಒಂದು ಎಂಜಿನ್ ವರ್ಷಕ್ಕೊಮ್ಮೆ ಉಳಿದರೂ ಆರೂ ಬೈಕುಗಳ ಖರ್ಚು ಹುಟ್ಟುತ್ತದೆ. ಆ ಮೂರು ದಿನ ವಸೂಲಿ ನಿಂತುದರ ನಷ್ಟ ಇದರಲ್ಲಿ ಸೇರಿಲ್ಲ.

ಬೋರಿಂಗ್ ಖರ್ಚು ಸಾಮಾನ್ಯವಾಗಿ ರಾಜಸ್ವ ವೆಚ್ಚವೇ ಆದ್ದರಿಂದ ಆದಾಯ ತೆರಿಗೆಯಲ್ಲಿ ಕಳೆದುಕೊಳ್ಳಬಹುದೆಂಬ ಸಮಾಧಾನ ಕೆಲವರದು. ಕಳೆದುಕೊಂಡರೂ ಉಳಿಯುವುದು ತೆರಿಗೆಯ ದರದಷ್ಟು ಪಾಲು ಮಾತ್ರ. ಜೊತೆಗೆ, ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯಡಿ ಇಂಥ ಬೈಕುಗಳ ದುರಸ್ತಿ ಸೇವೆಯ ಮೇಲೆ ತೆತ್ತ ತೆರಿಗೆಗೆ ಸಾಮಾನ್ಯವಾಗಿ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ತೆರಿಗೆಯೂ ಖರ್ಚಿಗೇ ಸೇರುತ್ತದೆ.

ತಿಂಗಳಿಗೊಮ್ಮೆ ಎಂಬುದೂ ಕಟ್ಟುನಿಟ್ಟಿನ ನಿಯಮವಲ್ಲ. ಡಾಂಬರು ರಸ್ತೆಯಲ್ಲೇ ಓಡುವ ಬೈಕಿಗೆ ಕೈಪಿಡಿಯ ಅವಧಿ ಸಾಕಾದೀತು; ಕಲ್ಲುಗಣಿಯ ದಾರಿಯದಕ್ಕೆ ವಾರವೇ ಹೆಚ್ಚಾದೀತು. ಆದುದರಿಂದ ಗ್ಯಾರೇಜಿಗೆ ಕೊಡುವ ಚೀಟಿಯಲ್ಲಿ ‘ಫಿಲ್ಟರ್ ಕ್ಲೀನಿಂಗ್’ ಎಂದಷ್ಟೇ ಬರೆಯದೆ ‘ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ’ ಎಂದು ಬರೆಯಬೇಕು. ಬೈಕು ಮರಳಿದಾಗ ಮುಚ್ಚಳ ತೆಗೆಸಿ ಬೆರಳಿನಿಂದ ಫೋಮ್ ಮುಟ್ಟಿ ನೋಡಿದರೆ ಅರ್ಧ ನಿಮಿಷದಲ್ಲಿ ಪರಿಶೀಲನೆ ಮುಗಿಯುತ್ತದೆ.

ಒಣಗಲು ಕಾಯುವಷ್ಟು ವ್ಯವಧಾನ ಇಲ್ಲದಿರುವುದೇ ಅರ್ಧ ತಪ್ಪುಗಳಿಗೆ ಮೂಲ. ಮೋಟೊಕ್ರಾಸ್ ಸ್ಪರ್ಧಿಗಳು ಎಣ್ಣೆ ಹಚ್ಚಿದ ಫಿಲ್ಟರುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸಿದ್ಧವಾಗಿಟ್ಟುಕೊಳ್ಳುತ್ತಾರೆ. ಒಂದು ಬೈಕಿಗೆ ಎರಡು ಫೋಮ್ ಇಟ್ಟುಕೊಂಡ ಸಂಸ್ಥೆಗೂ ಈ ಅನುಕೂಲವಿದೆ: ಒಂದು ಗಾಡಿಯಲ್ಲಿ, ಇನ್ನೊಂದು ಸಿದ್ಧವಾಗಿ ಚೀಲದಲ್ಲಿ. ಹೊಸದನ್ನು ಕೊಳ್ಳುವಾಗ ಅಳತೆಯನ್ನೂ ದಪ್ಪವನ್ನೂ ಹಳೆಯದರೊಡನೆ ಹೋಲಿಸಬೇಕು. ಸೋಫಾ ಅಂಗಡಿಯ ಸ್ಪಂಜನ್ನು ಕತ್ತರಿಸಿ ಕೂರಿಸುವ ಅಭ್ಯಾಸ ಕೆಲವೆಡೆ ಇದೆ. ಅದರ ರಂಧ್ರಗಳು ಈ ಕೆಲಸಕ್ಕಾಗಿ ತೆರೆದವಲ್ಲ. ಹಳೆಯ ಫೋಮನ್ನು ಹಿಸುಕಿದಾಗ ಹುಡಿ ಉದುರಿದರೆ ಅದನ್ನು ತೊಳೆಯುವ ಗೋಜಿಗೆ ಹೋಗದೆ ಎಸೆಯಬೇಕು. ಉದುರಿದ ತುಣುಕುಗಳು ನೇರ ಕಾರ್ಬ್ಯುರೇಟರಿಗೆ ಹೋಗುತ್ತವೆ.