ವಸುಧೈಕ ಬಾಂಧವನ ಊರಿನಿಂದ

ಅರಸೀಕೆರೆ ಜಂಕ್ಷನ್‌ನಲ್ಲಿ ರೈಲಿಳಿದಾಗ ಬಿಸಿಲು ಇನ್ನೂ ಏರಿರಲಿಲ್ಲ. ಕೊಬ್ಬರಿ ಮೂಟೆ ಹೇರಿಕೊಂಡ ಲಾರಿಗಳು ಪೇಟೆಯ ಕಡೆ ತಿರುಗುತ್ತಿದ್ದವು. ಜೊತೆಗಿದ್ದ ಗೆಳತಿ ದಾರಿಯುದ್ದಕ್ಕೂ ಮಾತಾಡಿದ್ದು ಕಡಿಮೆ. ಬೆಂಗಳೂರಿನ ಅಂಚಿನ ತಗಡು, ಟಾರ್ಪಾಲಿನ ಶೆಡ್ಡುಗಳಲ್ಲಿ ಮ್ಯಾನ್ಮಾರ್ ಬಿಟ್ಟು ಬಂದ ಕುಟುಂಬಗಳಿವೆ. ಪ್ರತಿ ಭಾನುವಾರ ಬಲಿಪೂಜೆ ಮುಗಿಸಿಕೊಂಡು ಅಲ್ಲಿಗೆ ಹೋಗಿ ಮಕ್ಕಳಿಗೆ ಕನ್ನಡ ಕಲಿಸುತ್ತಾಳೆ ಅವಳು. ಆಸ್ಪತ್ರೆಗೆ ಜೊತೆ ಹೋಗುತ್ತಾಳೆ, ಕಾಗದಪತ್ರ ತುಂಬಿಕೊಡುತ್ತಾಳೆ. 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ಹಾಗಾಗಿ ಇಲ್ಲಿಗೆ ಬಂದವರ ಬದುಕು ಬಹುಪಾಲು ಅಕ್ಕಪಕ್ಕದವರ ಮನಸ್ಸಿನ ಮೇಲೆ ನಿಂತಿದೆ. ಈಚೆಗೆ ಅವಳು ಸೋತಿದ್ದಳು. “ಎಷ್ಟು ಮಾಡಿದ್ರೂ ಮುಗಿಯಲ್ಲ ಕಣೇ. ದೇವರ ಕೆಲಸ ಅಂತ ಶುರು ಮಾಡಿದ್ದು, ಈಗ ಬರೀ ಕೆಲಸ ಆಗಿಬಿಟ್ಟಿದೆ” ಎಂದಿದ್ದಳು. ಎರಡು ದಿನ ನನ್ನ ಜೊತೆ ಬಾ, ಒಂದು ಶಾಸನದ ಊರು ನೋಡುವೆಯಂತೆ ಎಂದು ಕರೆತಂದಿದ್ದೆ.

ಅರಸೀಕೆರೆ ಎಂದರೆ ಎಲ್ಲರೂ ಈಶ್ವರ ದೇವಾಲಯಕ್ಕೆ ಹೋಗುತ್ತಾರೆ. ನಕ್ಷತ್ರದಾಕಾರದ ಆ ಮಂಟಪ ಚೆಲುವೇ, ಸಂಶಯವಿಲ್ಲ. ಆದರೆ ನಾನು ಅವಳನ್ನು ಕರೆದೊಯ್ದದ್ದು ಊರೊಳಗಿನ ಸಹಸ್ರಕೂಟ ಜಿನಾಲಯಕ್ಕೆ. ಸಾವಿರಕ್ಕೂ ಮಿಕ್ಕಿದ ಪುಟ್ಟ ಜಿನಬಿಂಬಗಳು ಒಂದೇ ಬೆಟ್ಟದ ಹಾಗೆ ಒತ್ತಾಗಿ ಕೂತಿರುವ ಶಿಲ್ಪದಿಂದ ಬಂದ ಹೆಸರದು. ಇದನ್ನು ಪ್ರತಿಷ್ಠೆ ಮಾಡಿಸಿದವನು ರೇಚರಸ. ಅವನು ಈ ನಾಡಿನವನಲ್ಲ. ಕಲಚುರಿಗಳ ದಂಡನಾಯಕ, ಮಂತ್ರಿ. ಹನ್ನೆರಡನೇ ಶತಮಾನ ಮುಗಿಯುವ ಮೊದಲೇ ಆ ರಾಜ್ಯ ಮುರಿದುಬಿತ್ತು. ಬಿಜ್ಜಳನ ಕಾಲದ ಗಲಭೆಯಲ್ಲಿ ಶರಣರು ಕಲ್ಯಾಣ ಬಿಟ್ಟು ಉಳವಿಯ ಕಾಡಿನ ಕಡೆ ನಡೆದದ್ದು ನಮಗೆಲ್ಲ ಗೊತ್ತು. ಅದೇ ರಾಜ್ಯದ ಈ ಮಂತ್ರಿ ಮುಂದೆ ಹೊಯ್ಸಳ ವೀರಬಲ್ಲಾಳನ ಪಾದವನ್ನು ಆಶ್ರಯಿಸಿದ ಸಂಗತಿ ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ. ಇಲ್ಲಿನ 1220ರ ಶಾಸನ ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಆಶ್ರಯ ಬೇಡಿ ಬಂದವನು ಇಲ್ಲಿ ದೇವರನ್ನು ನಿಲ್ಲಿಸಿ, ಪೂಜೆಗೆ, ಜೀರ್ಣೋದ್ಧಾರಕ್ಕೆ ಅರಸನಿಂದ ಒಂದು ಹಳ್ಳಿಯನ್ನೇ ಪಡೆದು ಗುರು ಸಾಗರನಂದಿಗೆ ಒಪ್ಪಿಸಿದ. ಊರಿನ ಭವ್ಯಜನರೂ, ಎಂದರೆ ಜೈನ ಭಕ್ತರೂ, ಕೈಜೋಡಿಸಿದರು.

ಅವನಿಗಿದ್ದ ಬಿರುದು ಏನು ಗೊತ್ತೇ? ವಸುಧೈಕ ಬಾಂಧವ. ಇಡೀ ಭೂಮಿಗೆ ನಂಟ.

ಗೆಳತಿ ಆ ಮಾತನ್ನು ಎರಡು ಸಲ ಕೇಳಿಸಿಕೊಂಡಳು. “ಬಿರುದು ಆಶ್ರಯ ಕೊಟ್ಟ ರಾಜನದ್ದಲ್ಲವಾ?” ಎಂದಳು. ಅಲ್ಲ, ನೆಲೆ ಕಳೆದುಕೊಂಡು ಬಂದವನದ್ದು. ನಾನು ಅವಳಿಗೆ ತೋರಿಸಬೇಕೆಂದಿದ್ದದ್ದು ಇದನ್ನೇ. ನಮ್ಮ ಸೇವೆಯ ಮಾತುಗಳಲ್ಲೆಲ್ಲ ಕೊಡುವವರೇ ದೊಡ್ಡವರು, ಬಂದವರದು ಬರೀ ಚಾಚಿದ ಕೈ. ಕೊಟ್ಟು ಕೊಟ್ಟು ಬತ್ತಿಹೋಗುವುದೂ ಅದರಿಂದಲೇ ಎಂದು ನನಗೆ ಬಹಳ ದಿನದಿಂದ ಅನ್ನಿಸುತ್ತಿದೆ. ಬಂದವರು ಏನು ಹೊತ್ತು ತಂದಿದ್ದಾರೆ ಎಂದು ನಾವು ಕೇಳುವುದೇ ಇಲ್ಲ.

ಬಾಣಾವರ, ಜಾವಗಲ್ ದಾಟಿ ಹಳೇಬೀಡು ಸೇರುವಷ್ಟರಲ್ಲಿ ಮಧ್ಯಾಹ್ನ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಹೊಯ್ಸಳೇಶ್ವರನ ಮುಂದೆ ಬಸ್ಸುಗಳದ್ದೇ ಸಾಲು. ನಾವು ಬಸ್ತಿಹಳ್ಳಿಯ ಕಡೆ ನಡೆದೆವು. ಅಲ್ಲಿ ಜನವಿಲ್ಲ, ಮೂರು ಬಸದಿಗಳು, ಹುಲ್ಲು, ಗಾಳಿ. ಪಾರ್ಶ್ವನಾಥ ಬಸದಿಯ ಕಂಬಗಳು ಎಷ್ಟು ನಯವೆಂದರೆ ಹತ್ತಿರ ನಿಂತರೆ ಮುಖ ಕಾಣುತ್ತದೆ. ದಂಡನಾಯಕ ಗಂಗರಾಜನ ನೆನಪಿಗೆ ಮಗ ಬೊಪ್ಪದೇವ 1133ರಲ್ಲಿ ಕಟ್ಟಿಸಿದ್ದು. ಪ್ರತಿಷ್ಠೆಯ ಪ್ರಸಾದ ಬಂಕಾಪುರದಲ್ಲಿದ್ದ ಹೊಯ್ಸಳ ಅರಸ ವಿಷ್ಣುವರ್ಧನನ ಕೈಸೇರಿದ ಹೊತ್ತಿಗೆ ಅವನಿಗೆ ಯುದ್ಧದಲ್ಲಿ ಗೆಲುವೂ ಆಗಿತ್ತು, ಮಗನೂ ಹುಟ್ಟಿದ್ದ. ಭಕ್ತಿಯಿಂದ ಸ್ವೀಕರಿಸಿ ದೇವರಿಗೆ ವಿಜಯ ಪಾರ್ಶ್ವನೆಂದೂ ಮಗುವಿಗೆ ವಿಜಯ ನರಸಿಂಹನೆಂದೂ ಹೆಸರಿಟ್ಟ. ಜೈನಧರ್ಮ ತೊರೆದನೆಂದು ನಾವು ಓದಿಕೊಂಡ ಅರಸನ ನಡತೆ ಇದು!

“ನಮ್ಮಲ್ಲೇ ಕೆಲವರು ಕೇಳ್ತಾರೆ, ನಮ್ಮ ಮತದವರಲ್ಲದವರಿಗೆ ಯಾಕಿಷ್ಟು ಮಾಡ್ತೀಯ ಅಂತ. ಆ ಒಂದು ಮಾತು ಹೊರೋದೇ ಕಷ್ಟ” ಎಂದಳು ಗೆಳತಿ. ನಾನು ಅದೇ ಬಸದಿಯ ಇನ್ನೊಂದು ಕಥೆ ಹೇಳಿದೆ. 1638ರಲ್ಲಿ ಹುಚ್ಚಪ್ಪದೇವರೆಂಬುವರು ಈ ಕಂಬಗಳ ಮೇಲೆ ಲಿಂಗಮುದ್ರೆ ಒತ್ತಿದರು. ಜೈನನಾದ ವಿಜಯಪ್ಪ ಅದನ್ನು ಅಳಿಸಿದ. ಹೊತ್ತಿಕೊಳ್ಳಬಹುದಾಗಿದ್ದ ಕಿಡಿ. ಬೇಲೂರಿನ ವೆಂಕಟಾದ್ರಿ ನಾಯಕನ ಕಾಲದಲ್ಲಿ ಹಿರಿಯರು ಕೂತು ಬಗೆಹರಿಸಿದರು: ಮೊದಲು ವಿಭೂತಿ ವೀಳ್ಯ ಸಲ್ಲಿಸಿ, ಆಮೇಲೆ ಜೈನರು ತಮ್ಮ ಪೂಜೆ ನಡೆಸಿಕೊಳ್ಳಬಹುದು. ಅದಕ್ಕೆ ಅಡ್ಡ ಬಂದವರು ಶಿವದ್ರೋಹಿಗಳು ಎಂದು ವೀರಶೈವ ಹಿರಿಯರ ಸಭೆಯಾದ ಮಹಾಮಹತ್ತೇ ಬರೆಸಿತು. ವಿಭೂತಿ ಮೊದಲು ಎಂಬ ಷರತ್ತಿನಲ್ಲಿ ಬಲವಂತರ ಕೈ ಮೇಲಾಗಿರುವುದು ಕಾಣುತ್ತದೆ, ನಿಜ. ಆದರೂ ನೆರೆಯವನ ಪೂಜೆ ಕೆಡಿಸಿದರೆ ತನ್ನ ದೇವರಿಗೇ ದ್ರೋಹ ಎಂದು ಒಂದು ಸಮುದಾಯ ಕಲ್ಲಿನಲ್ಲಿ ಕೊರೆಸಿತಲ್ಲ, ಆ ಮಾತಿಗೆ ನಾನು ಕೈಮುಗಿಯುತ್ತೇನೆ. ಗೆಳತಿ ಕಂಬಕ್ಕೆ ಒರಗಿ ಬಹಳ ಹೊತ್ತು ಸುಮ್ಮನಿದ್ದಳು.

ಬೇಲೂರಿಗೆ ಅಲ್ಲಿಂದ ಹದಿನಾರು ಕಿಲೋಮೀಟರು. ಚೆನ್ನಕೇಶವನ ಗುಡಿ 1117ರದು, ವಿಷ್ಣುವರ್ಧನ ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ ಬೆನ್ನಲ್ಲೇ ಎದ್ದದ್ದು. ಗೆದ್ದವರ ಗುಡಿ. ಆ ಯುದ್ಧವೂ ಎಷ್ಟೋ ಮನೆಗಳನ್ನು ಮುರಿದಿರಬೇಕು, ಅದನ್ನು ಮರೆತು ಮದನಿಕೆಯರನ್ನು ನೋಡಲು ನನ್ನಿಂದಾಗದು. ಆದರೆ ಈ ಗುಡಿಯ ಸುತ್ತ ನಿಂತಿರುವ ಕಥೆ ತಪ್ಪಿಸಿಕೊಂಡು ಬಂದ ಮುದುಕನೊಬ್ಬನದು. ಶ್ರೀವೈಷ್ಣವ ಸಂಪ್ರದಾಯ ಹೇಳುವಂತೆ ಚೋಳರಾಜನ ಕಿರುಕುಳಕ್ಕೆ ರಾಮಾನುಜರು ಶ್ರೀರಂಗ ಬಿಟ್ಟರು. ಗುರುವಿನ ವೇಷದಲ್ಲಿ ಆಸ್ಥಾನಕ್ಕೆ ಹೋದ ಶಿಷ್ಯ ಕೂರೇಶ ಕಣ್ಣು ಕಳೆದುಕೊಂಡ. ಕಾಡಿನಲ್ಲಿ ದಣಿದು ಬಂದವರಿಗೆ ಮೊದಲು ಆಹಾರ ಕೊಟ್ಟವರು ಬೇಡರು. ಅರಸ ಸಿಕ್ಕಿದ್ದು ಆಮೇಲೆ. ವಿಷ್ಣುವರ್ಧನನ ಮತಾಂತರದ ಬಗ್ಗೆ ವಿದ್ವಾಂಸರಿಗೆ ಒಮ್ಮತವಿಲ್ಲ, ರಾಣಿ ಶಾಂತಲೆಯಂತೂ ಕೊನೆವರೆಗೂ ಜೈನಳೇ. ನನ್ನನ್ನು ಹಿಡಿದಿಡುವುದು ಆ ಚರ್ಚೆಯಲ್ಲ. ತಮಗೆ ಬಾಗಿಲು ಮುಚ್ಚಿದ ನೋವು ಗೊತ್ತಿದ್ದ ರಾಮಾನುಜರು ಮೇಲುಕೋಟೆಯಲ್ಲಿ, ಊರು ಹೊರಗಿಟ್ಟಿದ್ದವರನ್ನು ತಿರುಕುಲದವರೆಂದು ಕರೆದು, ವರ್ಷದಲ್ಲಿ ಕೆಲವು ದಿನವಾದರೂ ಗುಡಿಯ ಬಾಗಿಲು ತೆರೆಸಿದರಂತೆ. ಕೆಲವೇ ದಿನ, ಸಾಲದು. ಆದರೂ ತೆರೆಸಿದವರು ನೆಲೆ ತಪ್ಪಿ ಬಂದವರು.

ಬಂದವರು ಹೊತ್ತು ತಂದದ್ದು ಇಲ್ಲಿಯದರೊಂದಿಗೆ ಬೆರೆತೂ ಹೋಗಿದೆ. ಈ ಸೀಮೆಯ ಹೆಬ್ಬಾರ್ ಅಯ್ಯಂಗಾರರ ಮನೆಗಳಲ್ಲಿ ಇಂದಿಗೂ ಕನ್ನಡ ಬೆರೆತ ತಮಿಳು ಆಡುತ್ತಾರೆ. ಅಂಥ ಮನೆಮಾತಿನಿಂದಲೇ ಗೊರೂರು ರಾಮಸ್ವಾಮಿ ಅಯ್ಯಂಗಾರರು ಬಂದರು, ಮೇಲುಕೋಟೆಯಿಂದ ಪುತಿನ ಬಂದರು. ನಮ್ಮ ಹಳ್ಳಿಯನ್ನು ನಮಗೇ ತೋರಿಸಿದ ಕನ್ನಡ ಅದು. ಬೈಲುಕುಪ್ಪೆಯಲ್ಲಿ 1960ರಿಂದ ಸುಮಾರು 3,000 ಎಕರೆ ಕಾಡು ಕಡಿದು ನೆಲೆಯಾದ ಟಿಬೆಟನ್ನರ ಮೊಮ್ಮಕ್ಕಳೂ ಈಗ ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ. ಚೈತ್ರದಲ್ಲಿ ಬೇಲೂರಿನ ತೇರು ಎಳೆಯುವ ಮುನ್ನ ದೊಡ್ಡಮೇದೂರಿನ ಖಾಜಿ ಬಂದು ಕುರಾನಿನ ಸಾಲು ಓದುವುದು ವಾಡಿಕೆ. ಈಚಿನ ವರ್ಷಗಳಲ್ಲಿ ಅದಕ್ಕೆ ವಿರೋಧವೂ ಎದ್ದಿದೆ. ಗೆಳತಿಗೆ ಎರಡನ್ನೂ ಹೇಳಿದೆ.

ಸಂಜೆ ಗುಡಿಯ ಅಂಗಳದ ಕಲ್ಲು ಇನ್ನೂ ಬೆಚ್ಚಗಿತ್ತು. ಗೆಳತಿ ಚೀಲದಿಂದ ಪಾಠದ ನೋಟ್‌ಬುಕ್ ತೆಗೆದು ದಪ್ಪಕ್ಷರದಲ್ಲಿ ‘ವಸುಧೈಕ ಬಾಂಧವ’ ಎಂದು ಬರೆದಳು. ಆಮೇಲೆ ಪೆನ್ಸಿಲ್ ಹಲ್ಲಿಗೆ ಕಚ್ಚಿಕೊಂಡು ಅದನ್ನೇ ನೋಡಿದಳು.

“ಇನ್ನೂ ಕಾಗುಣಿತದಲ್ಲಿ ಇದ್ದಾರೆ ಕಣೇ. ‘ಧೈ’ ಬರೆಯೋದು ಕಷ್ಟ ಆಗುತ್ತೇನೋ” ಎಂದಳು. ಸ್ವಲ್ಪ ಹೊತ್ತು ಬಿಟ್ಟು ತಾನೇ, “ಇರಲಿ, ಭಾನುವಾರ ಅದನ್ನೇ ಮೊದಲು ಹೇಳಿಕೊಡ್ತೀನಿ” ಎಂದು ಪುಟ ತಿರುವಿ ಧ, ಧಾ, ಧಿ, ಧೀ ಬರೆಯತೊಡಗಿದಳು.