ಬಳೆಚೂರು, ಒಡೆದ ಬಸಿ, ಮುರಿದ ಸೈಕಲ್ಲು: ಚಂಡೀಗಢದ ರಾಕ್ ಗಾರ್ಡನ್

ಬಳಸಿ ಸವೆದ ಅಥವಾ ಒಡೆದ ವಸ್ತುವನ್ನು ಕರಗಿಸಿ ಮತ್ತೆ ಕಚ್ಚಾಮಾಲು ಮಾಡದೆ, ಅದರ ಆಕಾರ, ಬಣ್ಣ, ಗಟ್ಟಿತನಗಳನ್ನು ಇದ್ದಂತೆಯೇ ಉಳಿಸಿಕೊಂಡು ಮೊದಲಿಗಿಂತ ಹೆಚ್ಚಿನ ಬೆಲೆಯ ಇನ್ನೊಂದು ಉಪಯೋಗಕ್ಕೆ ಒದಗಿಸುವ ಕೆಲಸವನ್ನು ಈಗ ಅಪ್‌ಸೈಕ್ಲಿಂಗ್ ಎಂದು ಕರೆಯಲಾಗುತ್ತಿದೆ. ಮನೆಯಂಗಳದ ಮಟ್ಟಿಗೆ ಇದು ಹಳೆಯ ಟೈರಿಗೆ ಬಣ್ಣ ಬಳಿದು ಗಿಡ ನೆಡುವಲ್ಲಿಗೋ ತೂತಾದ ಬಕೆಟ್ಟನ್ನು ಹೂಕುಂಡ ಮಾಡುವಲ್ಲಿಗೋ ಮುಗಿಯುವುದೇ ಹೆಚ್ಚು. ಅದೇ ಕೆಲಸ ಒಂದು ಊರಿನ ಅಳತೆಗೆ ಬೆಳೆದ ಉದಾಹರಣೆಯಾಗಿ ಚಂಡೀಗಢದ ಸೆಕ್ಟರ್ 1ರಲ್ಲಿ, ಸುಖ್ನಾ ಕೆರೆಗೂ ಕ್ಯಾಪಿಟಲ್ ಕಾಂಪ್ಲೆಕ್ಸ್ ಎಂಬ ಆಡಳಿತ ಕಟ್ಟಡಗಳ ಸಮುಚ್ಚಯಕ್ಕೂ ನಡುವೆ, ರಾಕ್ ಗಾರ್ಡನ್ ಇದೆ. ಹೆಸರಿನಲ್ಲಿ ಕಲ್ಲಿನ ಪ್ರಸ್ತಾಪವಿದ್ದರೂ ಅಲ್ಲಿ ನೋಡುಗರ ಕಣ್ಣು ಹಿಡಿಯುವುದು ಗಾಜಿನ ಬಳೆ, ಕಪ್‌-ಬಸಿ, ಶೌಚಾಲಯದ ಪಿಂಗಾಣಿ, ವಿದ್ಯುತ್ ಪ್ಲಗ್ಗು, ಸೈಕಲ್ಲಿನ ಹ್ಯಾಂಡಲ್ಲುಗಳೇ.

ಇದನ್ನು ಕಟ್ಟಿದ ನೇಕ್ ಚಂದ್ ಸೈನಿ ಹುಟ್ಟಿದ್ದು 1924ರಲ್ಲಿ, ಈಗ ಪಾಕಿಸ್ತಾನಕ್ಕೆ ಸೇರಿರುವ ಶಕರ್‌ಗಢ ಸೀಮೆಯ ಒಂದು ಹಳ್ಳಿಯಲ್ಲಿ. ದೇಶವಿಭಜನೆಯಲ್ಲಿ ಊರು ಬಿಟ್ಟು ಬಂದ ಅವರು, ಲಾಹೋರನ್ನು ಕಳೆದುಕೊಂಡ ಪಂಜಾಬಿಗೆ ಹೊಸ ರಾಜಧಾನಿಯಾಗಿ ಚಂಡೀಗಢ ಎದ್ದೇಳುತ್ತಿದ್ದ ಕಾಲದಲ್ಲಿ ಅಲ್ಲಿನ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರಾಗಿ ಸೇರಿದರು. ಫ್ರಾನ್ಸಿನ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಎಳೆದ ನೇರ ಗೆರೆಗಳ ಆ ನಗರಕ್ಕೆ ಜಾಗ ಬಿಡಿಸುವಾಗ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳನ್ನು ತೆರವು ಮಾಡಲಾಗಿತ್ತು. ಹಾಗೆ ಕೆಡವಿದ ಮನೆಗಳಿಂದ ಒಡಕು ಮಡಕೆ, ಹೆಂಚು, ಪಾತ್ರೆ, ಬಳೆಗಳು ರಾಶಿಯಾಗಿ ಬಿದ್ದಿದ್ದವು. ನೇಕ್ ಚಂದ್ ಅವನ್ನು ಆಯ್ದು, ಶಿವಾಲಿಕ್ ತಪ್ಪಲಿನ ಮಳೆಗಾಲದ ಹೊಳೆಗಳಿಂದ ವಿಚಿತ್ರ ಆಕಾರದ ಕಲ್ಲುಗಳನ್ನು ಹೆಕ್ಕಿ, ಸೈಕಲ್ಲಿನ ಮೇಲೆ ಹೇರಿಕೊಂಡು ನಗರದ ಅಂಚಿನ ಕಾಡಿಗೆ ಸಾಗಿಸತೊಡಗಿದರು. ಆ ಕಾಡು ಯಾರೂ ಏನನ್ನೂ ಕಟ್ಟಬಾರದೆಂದು ಕಾಯ್ದಿರಿಸಿದ ಸರ್ಕಾರಿ ಜಾಗವಾಗಿದ್ದುದರಿಂದ, 1950ರ ದಶಕದ ಕೊನೆಯಲ್ಲಿ ಆರಂಭವಾದ ಕೆಲಸ ನೌಕರಿಯ ವೇಳೆ ಮುಗಿದ ಮೇಲೆ, ಕತ್ತಲಲ್ಲಿ, ಗುಟ್ಟಾಗಿಯೇ ಒಂದೂವರೆ ದಶಕಕ್ಕೂ ಹೆಚ್ಚು ಕಾಲ ನಡೆಯಿತು.

ಈ ಕೆಲಸದ ವಿಧಾನ ಸರಳವಾಗಿ ಕಂಡರೂ ಕಟ್ಟಡ ಕಟ್ಟುವವರ ಅನುಭವದಿಂದಲೇ ಬಂದದ್ದು. ಮೊದಲು ಕಬ್ಬಿಣದ ಸರಳು, ಹಳೆಯ ಪೈಪು ಅಥವಾ ಸೈಕಲ್ಲಿನ ಚೌಕಟ್ಟಿನಿಂದ ಒಳಗೂಡು, ಎಂದರೆ ಪ್ರತಿಮೆಯ ಮೈಯನ್ನು ಹೊರುವ ಅಸ್ಥಿಪಂಜರವನ್ನು ಸಿದ್ಧಪಡಿಸಲಾಗುತ್ತದೆ. ಅದರ ಮೇಲೆ ಸಿಮೆಂಟು ಮತ್ತು ಮರಳಿನ ಗಾರೆಯನ್ನು ಪದರಪದರವಾಗಿ ಮೆತ್ತಿ ಮೈ ತುಂಬಿಸಿದ ಮೇಲೆ, ಕೊನೆಯ ನುಣುಪು ಗಾರೆ ಇನ್ನೂ ಹಸಿಯಾಗಿರುವಾಗ ಬಳೆಚೂರು, ಪಿಂಗಾಣಿ ತುಂಡು ಅಥವಾ ಭಟ್ಟಿಯಲ್ಲಿ ಸುಟ್ಟು ಕರಗಿ ಗಡ್ಡೆಗಟ್ಟಿದ ಇಟ್ಟಿಗೆಯ ತುಣುಕುಗಳನ್ನು ಒತ್ತಿ ಕೂರಿಸಲಾಗುತ್ತದೆ. ಬಳೆಯ ತುಂಡು ಬಾಗಿರುವುದರಿಂದ ಅದರ ಎರಡು ತುದಿಗಳೂ ಗಾರೆಯೊಳಗೆ ಹೂತುಕೊಂಡು ನಡುಭಾಗ ಮಾತ್ರ ಮೇಲೆ ಉಳಿಯಬಲ್ಲದು. ಇಂಥ ನೂರಾರು ತುಂಡುಗಳನ್ನು ಒತ್ತೊತ್ತಾಗಿ ಸೇರಿಸಿದಾಗ ಹೆಂಗಸಿನ ಸೀರೆಯ ನೆರಿಗೆಯೋ ನವಿಲಿನ ಗರಿಯೋ ಮೂಡುತ್ತದೆ. ಸೈಕಲ್ಲಿನ ಸೀಟು ಪ್ರಾಣಿಯ ಮುಖವಾಗುತ್ತದೆ, ಹ್ಯಾಂಡಲ್ಲು ಕೊಂಬಾಗುತ್ತದೆ, ಮುಂದಿನ ಗಾಲಿಯನ್ನು ಹಿಡಿಯುವ ಫೋರ್ಕು ಕಾಲಾಗುತ್ತದೆ. ಚಿಂದಿಬಟ್ಟೆಯಿಂದ ಮಾಡಿದ ಆಳೆತ್ತರದ ಗೊಂಬೆಗಳೂ ಇವೆ. ಗೋಡೆಗಳ ಕಥೆ ಬೇರೆ: ಕೆಲವು ಕಡೆ ಖಾಲಿ ಡಾಂಬರು ಡ್ರಮ್ಮುಗಳನ್ನು ಒಂದರ ಮೇಲೊಂದು ಪೇರಿಸಲಾಗಿದೆ, ಕೆಲವು ಕಡೆ ವಿದ್ಯುತ್ ತಂತಿಯ ಬಿಳಿ ಪಿಂಗಾಣಿ ಬಿಡಿಭಾಗಗಳನ್ನೇ ಸಾಲುಸಾಲಾಗಿ ಹುದುಗಿಸಿ ಇಡೀ ಗೋಡೆಯನ್ನು ಮುಚ್ಚಲಾಗಿದೆ.

ಮನೆಯಂಗಳದ ಅಲಂಕಾರಕ್ಕೂ ಇದಕ್ಕೂ ಇರುವ ಅಂತರವನ್ನು ಇಲ್ಲಿಯೇ ಗುರುತಿಸಬೇಕು. ಸಾಮಾನ್ಯ ಕೈತೋಟದಲ್ಲಿ ಹಳೆಯ ವಸ್ತು ಒಂಟಿಯಾಗಿ ನಿಂತು ತನ್ನ ಜಾಣತನವನ್ನು ತೋರಿಸಿಕೊಳ್ಳುತ್ತದೆ; ಬೂಟಿನಲ್ಲಿ ಗಿಡ ಬೆಳೆದದ್ದನ್ನು ಕಂಡವರು ಒಮ್ಮೆ ನಕ್ಕು ಮುಂದೆ ಹೋಗುತ್ತಾರೆ. ನೇಕ್ ಚಂದ್ ಅವರಲ್ಲಿ ವಸ್ತು ತನ್ನ ಒಂಟಿತನವನ್ನು ಬಿಟ್ಟುಕೊಟ್ಟು ಇಟ್ಟಿಗೆ, ಜಲ್ಲಿಗಳಂತೆ ಕಟ್ಟುವ ಸಾಮಗ್ರಿಯಾಗುತ್ತದೆ, ಮತ್ತು ಒಂದೇ ಮಾದರಿಯ ಮಂಗಗಳು, ನೀರು ಹೊತ್ತ ಹೆಂಗಸರು, ಸಿಪಾಯಿಗಳು ದಿಬ್ಬದ ತುಂಬ ಸಾಲಾಗಿ ನಿಂತಾಗ ಆ ಪುನರಾವರ್ತನೆಯೇ ಅದರ ಸೌಂದರ್ಯವಾಗುತ್ತದೆ. ಬಿಡಿಯಾಗಿ ಎತ್ತಿ ನೋಡಿದರೆ ಅವುಗಳಲ್ಲಿ ಹಲವು ಒರಟು ಪ್ರತಿಮೆಗಳೇ ಎಂಬುದನ್ನೂ ಒಪ್ಪಬೇಕು. ಲ ಕಾರ್ಬೂಸಿಯೆ ನಗರಕ್ಕೆಂದು ಬರೆದ ಶಾಸನಪತ್ರದಲ್ಲಿ ಚಂಡೀಗಢದ ಉದ್ಯಾನಗಳಲ್ಲಿ ವ್ಯಕ್ತಿಗಳ ಪ್ರತಿಮೆ ನಿಲ್ಲಿಸಬಾರದೆಂಬ ನಿಯಮವಿದೆ. ಹೆಸರಿಲ್ಲದ ಈ ಹಳ್ಳಿಗರ ದಂಡು ಆ ನಿಯಮಕ್ಕೆ ಅಡ್ಡಬರದಂತೆ ಅದೇ ನಗರದ ಒಳಗೆ ನೆಲೆಸಿದ್ದು ಸ್ವಾರಸ್ಯದ ಸಂಗತಿ.

ಅಧಿಕಾರಿಗಳ ಕಣ್ಣಿಗೆ ಇದು 1970ರ ದಶಕದಲ್ಲಿ ಬಿದ್ದಾಗ ಸುಮಾರು 12 ಎಕರೆಗೆ ಹರಡಿತ್ತು. ಕಾನೂನಿನ ಪ್ರಕಾರ ಕೆಡವಬೇಕಾಗಿದ್ದ ಅಕ್ರಮ ನಿರ್ಮಾಣವನ್ನು ಆಡಳಿತ ಕೆಡವಲಿಲ್ಲ. 1976ರಲ್ಲಿ ಸಾರ್ವಜನಿಕರಿಗೆ ತೆರೆದು, ಕಟ್ಟಿದವರಿಗೇ ಸಂಬಳ ಕೊಟ್ಟು, 50 ಕೂಲಿಗಳನ್ನೂ ಒದಗಿಸಿತು. ನಗರದ ಹಲವೆಡೆ ತ್ಯಾಜ್ಯ ಸಂಗ್ರಹಣೆಯ ವ್ಯವಸ್ಥೆಯೂ ಏರ್ಪಟ್ಟ ಮೇಲೆ ತೋಟ ಜಲಪಾತ, ಕಣಿವೆ, ಕಮಾನು, ಉಯ್ಯಾಲೆ, ಬಯಲು ರಂಗಮಂದಿರಗಳೊಂದಿಗೆ ಬೆಳೆಯಿತು. ಒಂದು ಅಂಗಳದಿಂದ ಇನ್ನೊಂದಕ್ಕೆ ಹೋಗುವ ಬಾಗಿಲುಗಳು ಮಾತ್ರ ತಲೆ ಬಗ್ಗಿಸಿಯೇ ದಾಟಬೇಕಾದಷ್ಟು ಗಿಡ್ಡವಾಗಿವೆ.

ನೇಕ್ ಚಂದ್ ಅವರಿಗೆ 1984ರಲ್ಲಿ ಪದ್ಮಶ್ರೀ ಸಂದಿತು. ಕಲಾಶಾಲೆಯ ತರಬೇತಿಯಿಲ್ಲದೆ ತಮ್ಮಷ್ಟಕ್ಕೆ ದುಡಿದವರ ಸೃಷ್ಟಿಯನ್ನು ಔಟ್‌ಸೈಡರ್ ಆರ್ಟ್ ಎಂದು ವಿಂಗಡಿಸುವ ಪಾಶ್ಚಾತ್ಯ ವಿಮರ್ಶಕರು ಅವರನ್ನು ಆ ಪಂಥದ ಮುಂಚೂಣಿಯಲ್ಲಿರಿಸಿದರು. ಸರ್ಕಾರದ ಸಂಬಳ, ಕೂಲಿಗಳ ಪಡೆ ಇದ್ದವರಿಗೆ ಈ ಹಣೆಪಟ್ಟಿ ಪೂರ್ತಿ ಹೊಂದುವುದಿಲ್ಲ. ಕೇರಳದ ಮಲಂಪುಳ ಅಣೆಕಟ್ಟಿನ ಬಳಿಯೂ ಅವರು ರೂಪಿಸಿದ ಇಂಥದೇ ತೋಟವಿದೆ. ರಾಕ್ ಗಾರ್ಡನ್ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಶಿಗ್ಗಾಂವಿ ಬಳಿಯ ಗೊಟಗೋಡಿಯಲ್ಲಿ ಟಿ. ಬಿ. ಸೊಲಬಕ್ಕನವರ ಅವರು ಕಟ್ಟಿದ ಉತ್ಸವ ರಾಕ್ ಗಾರ್ಡನ್. ಆದರೆ ಅಲ್ಲಿನ ಗುರಿ ಹಳ್ಳಿಯ ಬದುಕನ್ನು ನಿಜವೆಂಬಷ್ಟು ಹೋಲುವ ಪ್ರತಿಮೆಗಳಲ್ಲಿ ಹಿಡಿಯುವುದಾದರೆ, ಚಂಡೀಗಢದಲ್ಲಿ ಇಲ್ಲವಾದ ಹಳ್ಳಿಗಳ ವಸ್ತುವೇ ಪ್ರತಿಮೆಯ ಮೈಯಾಗಿದೆ.

ಬಯಲಲ್ಲಿ ನಿಂತ ಇಂಥ ಕೃತಿಗಳನ್ನು ಕಾಪಾಡುವುದು ಸುಲಭವಲ್ಲ. ಬಿರುಕಿನಿಂದ ನೀರಿಳಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಗಾರೆಯನ್ನು ಸೀಳುತ್ತದೆ, ಬಳೆಚೂರುಗಳು ಉದುರುತ್ತವೆ. ಅದಕ್ಕಿಂತ ದೊಡ್ಡ ಕಾಟ ರಸ್ತೆಯದು. 1990ರ ಸುಮಾರಿಗೆ ಪಕ್ಕದ ಹೈಕೋರ್ಟಿಗೆ ಅನುಕೂಲ ಮಾಡಿಕೊಡಲು ಬುಲ್ಡೋಜರುಗಳು ಬಂದಾಗ ನಾಗರಿಕರು ಕೈಕೈ ಹಿಡಿದು ಅಡ್ಡ ನಿಂತರು. 1996ರಲ್ಲಿ ನೇಕ್ ಚಂದ್ ವಿದೇಶದಲ್ಲಿದ್ದಾಗ ಹಲವು ಪ್ರತಿಮೆಗಳನ್ನು ಒಡೆಯಲಾಯಿತು, ಮರುವರ್ಷ ರಕ್ಷಣೆಗಾಗಿ ಬ್ರಿಟನ್ನಿನಲ್ಲಿ ಅವರ ಹೆಸರಿನ ಪ್ರತಿಷ್ಠಾನ ಹುಟ್ಟಿತು. ಅವರು 2015ರಲ್ಲಿ ತೀರಿಕೊಂಡರು. ಮರುವರ್ಷ ಕ್ಯಾಪಿಟಲ್ ಕಾಂಪ್ಲೆಕ್ಸ್ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅದರ ನೆರೆಯ ಈ ತೋಟ ಸೇರಲಿಲ್ಲ. 2025ರ ಆರಂಭದಲ್ಲಿ ರಸ್ತೆ ಮತ್ತು ವಾಹನ ನಿಲುಗಡೆಯ ಸಲುವಾಗಿ ತೋಟದ ಗೋಡೆಯ ಒಂದು ಭಾಗವನ್ನು ಆಡಳಿತವೇ ಕೆಡವಿದಾಗ ನಗರದ ಜನ ಮತ್ತೆ ಬೀದಿಗಿಳಿದು ಪ್ರತಿಭಟಿಸಿದರು.