ಕಲ್ನಾರು: ಕೆಲಸ ಬಿಟ್ಟರೂ ಬಿಡದ ಧೂಳು

ಶೆಡ್ಡುಗಳ ಮೇಲಿನ ಬೂದು ಬಣ್ಣದ ಅಲೆಅಲೆ ಶೀಟನ್ನು ನಾವು ‘ಸಿಮೆಂಟ್ ಶೀಟು’ ಅಂತ ಕರೆದು ಸುಮ್ಮನಾಗ್ತೀವಿ. ಅಂಥ ಬಹುಪಾಲು ಶೀಟುಗಳಲ್ಲಿ ಸಿಮೆಂಟಿನ ಜೊತೆ ಸುಮಾರು ಹತ್ತನೇ ಒಂದು ಪಾಲು ಆಸ್ಬೆಸ್ಟಾಸ್ ಇರುತ್ತೆ. ಕನ್ನಡದಲ್ಲಿ ಅದಕ್ಕೆ ಕಲ್ನಾರು ಅಂತ ಚೆಂದದ ಹೆಸರಿದೆ. ಕಲ್ಲೂ ಹೌದು, ನಾರೂ ಹೌದು. ಉರಿಯಲ್ಲ, ಕೊಳೆಯಲ್ಲ, ಸುಲಭಕ್ಕೆ ತುಂಡಾಗಲ್ಲ. ಎಂಜಿನಿಯರುಗಳು ಮೆಚ್ಚಿದ ಗುಣಗಳೇ ಶ್ವಾಸಕೋಶಕ್ಕೆ ಮುಳುವಾದವು.

ಉಸಿರಿನ ಜೊತೆ ಒಳಹೋದ ಎಳೆಯನ್ನು ನುಂಗಿ ಹಾಕೋದು ಮ್ಯಾಕ್ರೋಫೇಜ್ ಎಂಬ ಜೀವಕೋಶಗಳ ಕೆಲಸ. ಎಳೆ ಕೋಶಕ್ಕಿಂತ ಉದ್ದ ಇದ್ರೆ? ಅರ್ಧ ನುಂಗಿ ಸಿಕ್ಕಿಕೊಂಡ ಕೋಶ ರಾಸಾಯನಿಕಗಳನ್ನು ಕಾರುತ್ತೆ, ಸುತ್ತಲಿನ ಅಂಗಾಂಶಕ್ಕೆ ಉರಿಯೂತ. ಇದು ವರ್ಷಗಟ್ಟಲೆ ನಡೆದು ಶ್ವಾಸಕೋಶ ಗಾಯದ ಕಲೆಯ ಹಾಗೆ ಗಟ್ಟಿಯಾದರೆ ಆಸ್ಬೆಸ್ಟೋಸಿಸ್. ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಅದರ ಹೊರಪೊರೆಗೆ ಮೀಸೋಥೀಲಿಯೋಮಾ ಎಂಬ ಇನ್ನೊಂದು ಕ್ಯಾನ್ಸರ್ ಕೂಡ. ಅಪರೂಪದ್ದು, ಬಂದರೆ ಉಳಿಯೋದು ಬಲು ಕಷ್ಟ.

ತೊಂದರೆ ಇರೋದು ಕಾಲದ ಲೆಕ್ಕದಲ್ಲಿ. ಧೂಳು ಕುಡಿದ ದಿನಕ್ಕೂ ಕ್ಯಾನ್ಸರ್ ಕಾಣಿಸೋ ದಿನಕ್ಕೂ ನಡುವೆ 20ರಿಂದ 40 ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು. ಅಷ್ಟರಲ್ಲಿ ಮನುಷ್ಯ ನಿವೃತ್ತನಾಗಿ, ಕಾರ್ಖಾನೆಯೇ ಮುಚ್ಚಿರಬಹುದು. ಇದನ್ನರಿತೇ ಸುಪ್ರೀಂ ಕೋರ್ಟ್ 1995ರಲ್ಲಿ, ಆಸ್ಬೆಸ್ಟಾಸ್ ಉದ್ದಿಮೆಗಳು ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿವರೆಗೆ ಇಡಬೇಕು ಎಂದಿತು. ಒಳ್ಳೇ ಆದೇಶವೇ. ಆದರೆ ಊರೂರು ಸುತ್ತಿ ಶೀಟು ಕತ್ತರಿಸಿದ ದಿನಗೂಲಿಯವನ ಫೈಲು ಯಾರ ಬೀರುವಿನಲ್ಲಿದೆ? ಅವನ ಧೂಳಿನ ಬಟ್ಟೆ ಕೊಡವಿ ಒಗೆದ ಹೆಂಡತಿಯದು? ಹಾಗೆ ಬಟ್ಟೆ ಒಗೆದವರಿಗೂ ಮೀಸೋಥೀಲಿಯೋಮಾ ಬಂದದ್ದುಂಟು.

ಹೊಕ್ಕ ಎಳೆಗಳನ್ನು ಹೊರತೆಗೆಯೋ ಔಷಧಿ ಇಲ್ಲ. ಆದರೂ ಒಂದು ಹಿಡಿತ ನಮ್ಮ ಕೈಲಿದೆ: ಸಿಗರೇಟು. ಅಮೆರಿಕದ ಇನ್ಸುಲೇಶನ್ ಕಾರ್ಮಿಕರ ಕುರಿತು 1979ರಲ್ಲಿ ಬಂದ ಅಧ್ಯಯನದಲ್ಲಿ, ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ ಬರೀ ಆಸ್ಬೆಸ್ಟಾಸಿನಿಂದ ಸುಮಾರು 5 ಪಟ್ಟು, ಬರೀ ಸಿಗರೇಟಿನಿಂದ ಸುಮಾರು 11 ಪಟ್ಟು, ಎರಡೂ ಸೇರಿದರೆ 50 ಪಟ್ಟು ದಾಟಿತ್ತು. ಕೂಡೋದಲ್ಲ, ಗುಣಿಸೋದು! ಸೇದೋದು ಬಿಟ್ಟರೆ ಈ ಅಪಾಯ ಇಳಿಯುತ್ತೆ.

ಗಟ್ಟಿಯಾಗಿರೋ ಶೀಟಿನ ಕೆಳಗೆ ಕೂತಿದ್ದಕ್ಕೆ ಹೆದರಬೇಕಿಲ್ಲ. ಎಳೆ ಏಳೋದು ಕೊರೆದಾಗ, ಕತ್ತರಿಸಿದಾಗ, ಒಡೆದಾಗ. ಮನೆಯಲ್ಲಿ ಅಪ್ಪನೋ ತಾತನೋ ಶೀಟು, ಬ್ರೇಕ್ ಲೈನಿಂಗ್, ಬಾಯ್ಲರ್ ಕೆಲಸ ಮಾಡಿದ್ದರೆ, ಕೆಮ್ಮು-ಏದುಸಿರು ಅಂತ ಹೋದಾಗ ಡಾಕ್ಟರಿಗೆ ಅದನ್ನು ನಾವೇ ಹೇಳಬೇಕು: ಯಾವ ಕೆಲಸ, ಯಾವ ಇಸವಿ, ಎಷ್ಟು ವರ್ಷ. ಈಗಿನ ಕೆಲಸ ಯಾವುದು ಅಂತಷ್ಟೇ ಕೇಳಿದರೆ ಮೂವತ್ತು ವರ್ಷದ ಹಿಂದಿನ ಧೂಳು ಆ ಚೀಟಿಗೆ ಬರಲ್ಲ.